ಕೆಲಸ ಬಿಟ್ಟು ಎಂಬಿಬಿಎಸ್ ಓದುವುದಾ? ವಯಸ್ಸಿಗಿಂತ ಮೊದಲು ಈ ಲೆಕ್ಕ ನೋಡಿ

ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ನ ರಿಸಲ್ಟ್ ಬಂದ ವಾರ ಶಿವಮೊಗ್ಗದ ಪಿಯು ಲೆಕ್ಚರರ್‌ಗಳ ಫೋನಿಗೆ ಬಿಡುವೇ ಇರುವುದಿಲ್ಲ. ನಾನು ಪಾಠ ಮಾಡುವುದು ಬಯಾಲಜಿ. ಹಾಗಾಗಿ ನನಗೆ ಸ್ವಲ್ಪ ಜಾಸ್ತಿಯೇ ಬರುತ್ತವೆ. ಹೆಚ್ಚಿನವು ಅಪ್ಪ ಅಮ್ಮಂದಿರ ಫೋನು. ಇಷ್ಟು ರ‍್ಯಾಂಕಿಗೆ ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಸಿಮ್ಸ್ ಸಿಗುತ್ತಾ, ಹಾಸನ ಸಿಗುತ್ತಾ, ಆಪ್ಷನ್ ಎಂಟ್ರಿಯಲ್ಲಿ ಯಾವುದು ಮೊದಲು ಹಾಕಬೇಕು ಅಂತ ಕೇಳುತ್ತಾರೆ. ಈಚೆಗೆ ಇನ್ನೊಂದು ಥರದ ಫೋನೂ ಬರುತ್ತಿದೆ. ಅಣ್ಣನ ಮಗಳ ವಿಷಯ ಅಂತ ಶುರು ಮಾಡಿ, ಎಲ್ಲಾ ಮಾತಾಡಿ ಮುಗಿದ ಮೇಲೆ, "ಸರ್, ಇನ್ನೊಂದು ಕೇಳ್ಲಾ? ನಂಗೀಗ ಮೂವತ್ತೆಂಟು. ನಾನೇ ಬರೆದ್ರೆ ಆಗುತ್ತಾ?" ಅನ್ನುತ್ತಾರೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತೀರ್ಥಹಳ್ಳಿ ಕಡೆಯವರು, ಬ್ಯಾಂಕಿನವರು, ಹೈಸ್ಕೂಲ್ ಮೇಷ್ಟ್ರುಗಳು, ಔಷಧ ಕಂಪನಿಯ ರೆಪ್‌ಗಳು, ಹೀಗೆ ಎಲ್ಲಾ ಥರದವರೂ ಕೇಳಿದ್ದಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಆಗುತ್ತಾ ಅಂದರೆ, ಆಗುತ್ತದೆ. ನೀಟ್ ಬರೆಯಲು ಈಗ ಗರಿಷ್ಠ ವಯಸ್ಸು ಅಂತ ಇಲ್ಲ. ಕಾಲೇಜು ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿದ್ದರೆ ಸಾಕು. ಮಧ್ಯೆ ಒಂದು ಮಿತಿ ತಂದಿದ್ದರು. ಸಾಮಾನ್ಯ ವರ್ಗಕ್ಕೆ 25, ಮೀಸಲಾತಿ ಇರುವವರಿಗೆ 30. ಅದು ಕೋರ್ಟ್ ಮೆಟ್ಟಿಲು ಹತ್ತಿತು. ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದ ಮೇಲೆ ಹೆಚ್ಚು ವಯಸ್ಸಿನವರೂ ಪರೀಕ್ಷೆ ಬರೆಯುತ್ತಾ ಬಂದರು. 2022ರ ಮಾರ್ಚ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಆ ಮಿತಿಯನ್ನೇ ತೆಗೆದುಹಾಕಿತು. ಎಷ್ಟು ಸಲ ಬರೆಯಬಹುದು ಅನ್ನುವುದಕ್ಕೂ ಮಿತಿ ಇಲ್ಲ.

2020ರಲ್ಲಿ ಒಡಿಶಾದ 64 ವರ್ಷದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ನೀಟ್ ಪಾಸು ಮಾಡಿ ಬುರ್ಲಾದ ಸರ್ಕಾರಿ ಮೆಡಿಕಲ್ ಕಾಲೇಜು ಸೇರಿದರು. ಆ ಸುದ್ದಿ ಈಗಲೂ ವಾಟ್ಸಾಪಿನಲ್ಲಿ ಸುತ್ತುತ್ತಿರುತ್ತದೆ. ನನಗೆ ಫೋನ್ ಮಾಡುವವರಲ್ಲಿ ಅರ್ಧ ಜನ ಅದನ್ನು ನೋಡಿದವರೇ. ಅವರಿಗೆ ನಾನು ಹೇಳುವುದು ಇಷ್ಟೇ: ಆ ಹಿರಿಯರು ನಿವೃತ್ತರಾಗಿ ಹೋದವರು. ನಿಮ್ಮ ಮನೆಯ ಇಎಂಐ ಇನ್ನೂ ನಡೆಯುತ್ತಿದೆ.

ಹಳೇ ಡಿಗ್ರಿಗೆ ಇಲ್ಲಿ ಬೆಲೆ ಇಲ್ಲ

ಅಮೆರಿಕದಲ್ಲಿ ಮೂವತ್ತು ದಾಟಿದವರು ಡಾಕ್ಟರಾದ ಕಥೆ ಓದಿ ನಮ್ಮವರು ಹುರುಪುಗೊಳ್ಳುತ್ತಾರೆ. ಅಲ್ಲಿನ ವ್ಯವಸ್ಥೆಯೇ ಬೇರೆ. ಅಲ್ಲಿ ಮೊದಲು ನಾಲ್ಕು ವರ್ಷದ ಯಾವುದೋ ಒಂದು ಡಿಗ್ರಿ ಮಾಡಬೇಕು. ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲು. ಅಂದರೆ ಅಲ್ಲಿ ಎಲ್ಲರೂ ಬೇರೆ ಏನಾದರೂ ಓದಿಯೇ ಬರುವವರು. ಬ್ರಿಟನ್‌ನಲ್ಲಿ ಡಿಗ್ರಿ ಆದವರಿಗಾಗಿಯೇ ನಾಲ್ಕು ವರ್ಷದ ಮೆಡಿಕಲ್ ಕೋರ್ಸ್‌ಗಳಿವೆ.

ನಮ್ಮಲ್ಲಿ ಎಂಬಿಬಿಎಸ್ ಪಿಯುಸಿ ಆದ ಕೂಡಲೇ ಸೇರುವ ಕೋರ್ಸು. ನಿಮ್ಮ ಬಿಇ, ಎಂಟೆಕ್, ಎಂಬಿಎ, ಹದಿನೈದು ವರ್ಷದ ಅನುಭವ, ಯಾವುದಕ್ಕೂ ಒಂದು ಅಂಕದ ರಿಯಾಯಿತಿ ಇಲ್ಲ. ಒಂದು ಸೆಮಿಸ್ಟರ್ ಕೂಡ ಕಡಿಮೆಯಾಗುವುದಿಲ್ಲ. ಹದಿನೆಂಟರ ಹುಡುಗ ಒಳಗೆ ಹೋಗುವ ಬಾಗಿಲಲ್ಲೇ ನೀವೂ ಹೋಗಬೇಕು. ಆ ಬಾಗಿಲಲ್ಲಿ ಕೇಳುವುದು ನಿಮ್ಮ ಸೆಕೆಂಡ್ ಪಿಯು ಮಾರ್ಕ್ಸ್ ಕಾರ್ಡು.

ಅದಕ್ಕೇ ಯಾರೇ ಬಂದರೂ ನಾನು ಮೊದಲು ಕೇಳುವುದು ಅದನ್ನೇ. ಸಾಗರದ ಕಡೆಯ ಒಬ್ಬರು ಬ್ಯಾಂಕ್ ಅಧಿಕಾರಿ, ಇಂಜಿನಿಯರಿಂಗ್ ಓದಿ ಬ್ಯಾಂಕ್ ಸೇರಿದವರು, ಒಂದು ಭಾನುವಾರ ಮನೆಗೆ ಬಂದಿದ್ದರು. ಕೈಯಲ್ಲಿ ದೊಡ್ಡ ಫೈಲು. ಡಿಗ್ರಿ ಸರ್ಟಿಫಿಕೇಟು, ಪ್ರಮೋಷನ್ ಆರ್ಡರು, ಎಲ್ಲಾ ನೀಟಾಗಿ ಜೋಡಿಸಿದ್ದರು. ಪಿಯುಸಿ ಅಂಕಪಟ್ಟಿ ಮಾತ್ರ ಎಲ್ಲಕ್ಕಿಂತ ಕೆಳಗೆ, ಲ್ಯಾಮಿನೇಷನ್ ಮಾಡಿಸಿದ್ದು ಹಳದಿಯಾಗಿ ಅಂಚು ಬಿಟ್ಟುಕೊಂಡಿತ್ತು. ಅದನ್ನು ತೆಗೆದು ನೋಡಿದೆ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ. "ಮೇಡಂ, ಬೇರೆ ಎಲ್ಲಾ ಒಳಗಿಡಿ. ನಿಮಗೆ ಬೇಕಾಗಿರೋದು ಇದೊಂದೇ" ಅಂದೆ.

ಇಲ್ಲಿ ನಮ್ಮ ರಾಜ್ಯದವರಿಗೆ ಒಂದು ಅನುಕೂಲ ಇದೆ. ಕರ್ನಾಟಕದ ಪಿಯುಸಿಯಲ್ಲಿ ಪಿಸಿಎಂಬಿ, ಅಂದರೆ ಈ ನಾಲ್ಕೂ ವಿಷಯ ತೆಗೆದುಕೊಳ್ಳುವವರು ಮೊದಲಿಂದಲೂ ಬಹಳ. ಎರಡೂ ಕಡೆ ಕಾಲಿಟ್ಟುಕೊಂಡಿರಲಿ ಅಂತ ಮನೆಯವರೇ ಹಾಕಿಸುತ್ತಿದ್ದರು. ಹಾಗಾಗಿ ಬಿಇ ಮಾಡಿದವರಲ್ಲೂ ಬಯಾಲಜಿ ಪಾಸಾದವರು ಎಷ್ಟೋ ಜನ ಇದ್ದಾರೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟರಿಗೆ ಮತ್ತು ಹಿಂದುಳಿದ ವರ್ಗದವರಿಗೆ ಶೇ 40 ಅಂಕ ಇರಬೇಕು. ಇಂಗ್ಲಿಷ್ ಪಾಸಾಗಿರಬೇಕು. ಇಪ್ಪತ್ತು ವರ್ಷದ ಹಿಂದಿನ ಅಂಕಪಟ್ಟಿಯಾದರೂ ನಡೆಯುತ್ತದೆ.

ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್ ತೆಗೆದುಕೊಂಡವರ ಕಥೆ? ಮೊದಲು ಅವರಿಗೆ ನಿಯಮ ಅಡ್ಡ ಬರುತ್ತಿತ್ತು. 2023ರ ನವೆಂಬರ್‌ನಲ್ಲಿ ಆಯೋಗ ಒಂದು ಪ್ರಕಟಣೆ ಹೊರಡಿಸಿತು. ಹನ್ನೆರಡನೇ ತರಗತಿ ಮುಗಿದ ಮೇಲೂ ಮಾನ್ಯತೆ ಇರುವ ಮಂಡಳಿಯಿಂದ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡರೆ ನೀಟ್‌ಗೆ ಅರ್ಹರು ಅಂತಾಯಿತು. ಹೆಚ್ಚಿನವರು ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಈ ಒಂದೇ ವಿಷಯ ಕಟ್ಟಿ ಬರೆಯುತ್ತಾರೆ. ವಾಣಿಜ್ಯ, ಕಲಾ ವಿಭಾಗದವರಿಗೆ ಇದು ಅಷ್ಟು ಸಲೀಸಲ್ಲ. ವಿಜ್ಞಾನದ ಮೂರೂ ವಿಷಯ ಮೊದಲಿಂದ ಕಟ್ಟಬೇಕು.

ಒಂದು ನಿಮಿಷಕ್ಕೆ ಒಂದು ಪ್ರಶ್ನೆ

ನೀಟ್‌ನಲ್ಲಿ 180 ಪ್ರಶ್ನೆ. ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಟ್. ಒಟ್ಟು 720. ಸಮಯ 180 ನಿಮಿಷ. 2025ರಿಂದ ಬೇಕಾದ ಪ್ರಶ್ನೆ ಆರಿಸಿಕೊಳ್ಳುವ ಅವಕಾಶವೂ ಇಲ್ಲ, ಹೆಚ್ಚುವರಿ ಸಮಯವೂ ಇಲ್ಲ. ಕನ್ನಡದಲ್ಲೂ ಬರೆಯಬಹುದು. ಪ್ರಶ್ನೆಪತ್ರಿಕೆ 13 ಭಾಷೆಯಲ್ಲಿ ಇರುತ್ತದೆ.

ದೊಡ್ಡವರು ಇಲ್ಲಿ ಎಡವುವುದು ಬುದ್ಧಿ ಸಾಲದೆ ಅಲ್ಲ. ಹದಿನೈದು ವರ್ಷ ಕೆಲಸ ಮಾಡಿದವರಿಗೆ ಒಂದು ವಿಷಯ ಸಿಕ್ಕರೆ ಅದನ್ನು ಎಲ್ಲಾ ಕಡೆಯಿಂದ ನೋಡುವ ಅಭ್ಯಾಸ ಆಗಿರುತ್ತದೆ. ನೀಟ್‌ಗೆ ಆ ಅಭ್ಯಾಸವೇ ಶತ್ರು. ಒಂದು ನಿಮಿಷದಲ್ಲಿ ಓದಿ, ತೀರ್ಮಾನಿಸಿ, ಉತ್ತರದ ವೃತ್ತ ತುಂಬಿ ಮುಂದೆ ಹೋಗಬೇಕು. ಗೊತ್ತಿಲ್ಲದ್ದನ್ನು ಬಿಡಬೇಕು. ನಮ್ಮ ಹುಡುಗರು ಎರಡು ವರ್ಷ ವಾರವಾರ ಟೆಸ್ಟ್ ಬರೆದು ಬರೆದು ಅದನ್ನು ಕೈಗೆ ಕೂರಿಸಿಕೊಂಡಿರುತ್ತಾರೆ. ಆ ಬ್ಯಾಂಕ್ ಮೇಡಂಗೆ ಹಳೇ ಪ್ರಶ್ನೆಪತ್ರಿಕೆ ಒಂದು ಕೊಟ್ಟು, ಮೊಬೈಲಲ್ಲಿ ಟೈಮ್ ಇಟ್ಟು ಬರೆಸಿದೆ. ಬಯಾಲಜಿಯಲ್ಲಿ ಪರವಾಗಿಲ್ಲ ಅನ್ನುವಷ್ಟು ಬಂತು. ಫಿಸಿಕ್ಸ್ ಅವರಿಗೆ ಗೊತ್ತಿತ್ತು. ಆದರೆ ಪ್ರತಿ ಲೆಕ್ಕವನ್ನೂ ಎರಡೆರಡು ಸಲ ಮಾಡಿ ನೋಡುತ್ತಿದ್ದರು. ಬ್ಯಾಂಕಿನವರಲ್ವಾ! ಟೈಮ್ ಮುಗಿದಾಗ ಕೆಮಿಸ್ಟ್ರಿ ಅರ್ಧ ಹಾಗೇ ಉಳಿದಿತ್ತು.

ಇನ್ನೊಂದು ವಿಷಯ. ನಮ್ಮ ಪಿಯು ವಿಜ್ಞಾನಕ್ಕೆ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ಆಧಾರದ ಪುಸ್ತಕ ಬಂದದ್ದು 2012-13ರ ಹೊತ್ತಿಗೆ. ಅದಕ್ಕಿಂತ ಮೊದಲು ಪಿಯು ಮುಗಿಸಿದವರು ಓದಿದ ಪುಸ್ತಕವೇ ಬೇರೆ. ನೀಟ್ ಬಯಾಲಜಿ ಪ್ರಶ್ನೆಗಳು ಎನ್‌ಸಿಇಆರ್‌ಟಿಯ ಸಾಲುಗಳಿಗೆ, ಚಿತ್ರಗಳಿಗೆ ತೀರಾ ಹತ್ತಿರ ಇರುತ್ತವೆ. ಹಳೇ ನೋಟ್ಸು ಅಟ್ಟದಿಂದ ಇಳಿಸಬೇಡಿ. ಹೊಸ ಪುಸ್ತಕ ತೆಗೆದುಕೊಂಡು ಸಾಲುಸಾಲು ಓದಿ.

ಈಗ ಬಹಳ ಜನ ಮೋಸ ಹೋಗುವ ಜಾಗ. ನೀಟ್ ಪಾಸಾಗುವುದು ಬೇರೆ, ಸೀಟು ಸಿಗುವುದು ಬೇರೆ. 2025ರಲ್ಲಿ ಪರೀಕ್ಷೆ ಬರೆದವರು ಸುಮಾರು 22 ಲಕ್ಷ. ಅರ್ಹರಾದವರು 12 ಲಕ್ಷಕ್ಕೂ ಜಾಸ್ತಿ. ಆಗ ದೇಶದಲ್ಲಿ ಇದ್ದ ಎಂಬಿಬಿಎಸ್ ಸೀಟು 1 ಲಕ್ಷ 20 ಸಾವಿರದ ಆಸುಪಾಸು. ಅದರಲ್ಲಿ ಸರ್ಕಾರಿ ಸೀಟು ಹೆಚ್ಚುಕಡಿಮೆ ಅರ್ಧ. ಆ ವರ್ಷ ಸಾಮಾನ್ಯ ವರ್ಗದವರು ಅರ್ಹರಾಗಲು 720ಕ್ಕೆ 144 ಸಾಕಿತ್ತು. ಸರ್ಕಾರಿ ಕಾಲೇಜಿನ ಸೀಟಿಗೆ ಅದರ ಮೂರು ಪಟ್ಟಿಗಿಂತ ಜಾಸ್ತಿ ಬೇಕಿತ್ತು. "ಕ್ವಾಲಿಫೈ ಆಗಿದೀನಿ ಸರ್" ಅಂತ ರಾಜೀನಾಮೆ ಪತ್ರ ಬರೆಯಲು ಕೂತವರೂ ಇದ್ದಾರೆ. ಸ್ವಲ್ಪ ತಡೀರಿ ಮಾರಾಯ್ರೇ, ಅದಕ್ಕೆ ಅರ್ಥ ಸೀಟು ಹಂಚುವ ಕೌನ್ಸೆಲಿಂಗ್‌ಗೆ ಹೋಗಬಹುದು ಅಂತ ಅಷ್ಟೇ.

ಅಂಕವನ್ನು ನಂಬಿ ಲೆಕ್ಕ ಹಾಕಬೇಡಿ, ರ‍್ಯಾಂಕ್ ನೋಡಿ. 2024ರಲ್ಲಿ ಅಂಕಗಳು ವಿಪರೀತ ಏರಿದ್ದವು. 2025ರಲ್ಲಿ ಫಿಸಿಕ್ಸ್ ಕಷ್ಟ ಬಂದು ದಿಢೀರ್ ಇಳಿದವು. ಒಂದು ವರ್ಷ ಸೀಟು ಸಿಗದ ಅಂಕಕ್ಕೆ ಮರುವರ್ಷ ಒಳ್ಳೇ ಕಾಲೇಜು ಸಿಕ್ಕಿದ್ದೂ ಇದೆ.

ನಲವತ್ತರಲ್ಲಿ ಒಂದನೇ ಕ್ಲಾಸಿನ ಸರ್ಟಿಫಿಕೇಟ್

ಸರ್ಕಾರಿ ಕಾಲೇಜುಗಳ ಶೇ 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಉಳಿದ ಶೇ 85ನ್ನು ನಮ್ಮ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಹಂಚುತ್ತದೆ. ಕೆಇಎಗೆ ನೀವು ಕರ್ನಾಟಕದವರು ಅಂತ ತೋರಿಸಬೇಕು. ಸಾಮಾನ್ಯವಾಗಿ ಅದನ್ನು ತೋರಿಸುವುದು ರಾಜ್ಯದಲ್ಲಿ ಏಳು ವರ್ಷವಾದರೂ ಓದಿದ ದಾಖಲೆಯಿಂದ. ಇದರ ಜೊತೆಗೆ ಮಲೆನಾಡಿನವರು ಮರೆಯಬಾರದ ಎರಡು ವಿಷಯ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಈಗಿನ ಮಕ್ಕಳಿಗಿಂತ ನಲವತ್ತರ ಆಸುಪಾಸಿನವರಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಆ ಕಾಲದಲ್ಲಿ ನಮ್ಮ ಕಡೆ ಕಾನ್ವೆಂಟ್ ಎಲ್ಲಿತ್ತು?

ಆದರೆ ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಶಾಲೆಯ ಹೆಡ್‌ಮಾಸ್ಟರ್ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಸಹಿ. ಹೊಸನಗರ ತಾಲ್ಲೂಕಿನ ಒಬ್ಬ ಇಂಜಿನಿಯರ್ ಇದಕ್ಕಾಗಿ ಓಡಾಡಿದ್ದನ್ನು ನಾನೇ ನೋಡಿದ್ದೇನೆ. ಅವರು ಓದಿದ ಕಿರಿಯ ಪ್ರಾಥಮಿಕ ಶಾಲೆ ಮಕ್ಕಳಿಲ್ಲದೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ದಾಖಲೆಗಳು ಪಕ್ಕದ ಊರಿನ ಶಾಲೆಗೆ ಹೋಗಿದ್ದವು. ಅಲ್ಲಿನ ಟೀಚರ್ ಬೀರು ತೆಗೆದು ಹಳೇ ದಾಖಲಾತಿ ಪುಸ್ತಕ ಹುಡುಕಿದರು. ಮಳೆಗಾಲದ ಥಂಡಿಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದೊಂದನ್ನೇ ಬಿಡಿಸಿ ನೋಡಿದಾಗ ಹೆಸರು ಸಿಕ್ಕಿತು. ಆದರೆ ಅಲ್ಲಿದ್ದ ಇನಿಷಿಯಲ್ಲೇ ಬೇರೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದದ್ದೇ ಬೇರೆ. ಇದನ್ನೆಲ್ಲ ಸರಿ ಮಾಡಿಸಲು ಕೌನ್ಸೆಲಿಂಗ್ ಶುರುವಾದ ಮೇಲೆ ಹೊರಟರೆ ಆಗುವುದಿಲ್ಲ. ಓದು ಶುರು ಮಾಡಿದ ತಿಂಗಳೇ ಈ ಕೆಲಸವನ್ನೂ ಶುರು ಮಾಡಿ.

ಫೀಸ್ ಅಲ್ಲ, ಬಿಟ್ಟ ಸಂಬಳ

ಎಂಬಿಬಿಎಸ್ ಅಂದರೆ ಎಲ್ಲರ ತಲೆಗೆ ಮೊದಲು ಬರುವುದು ಫೀಸು. ಸರ್ಕಾರಿ ಕಾಲೇಜಿನಲ್ಲಿ ಅದು ವರ್ಷಕ್ಕೆ ಅರವತ್ತು ಎಪ್ಪತ್ತು ಸಾವಿರದ ಆಸುಪಾಸು. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾ ಸೀಟಾದರೆ ಒಂದೂವರೆ ಲಕ್ಷದ ಸುತ್ತಮುತ್ತ. ಅದೇ ಕಾಲೇಜಿನ ಖಾಸಗಿ ಸೀಟಿಗೆ ಹತ್ತು ಲಕ್ಷದ ಮೇಲೆ. ಮ್ಯಾನೇಜ್‌ಮೆಂಟ್, ಎನ್‌ಆರ್‌ಐ ಸೀಟು ಅದಕ್ಕೂ ಮೇಲೆ. ಪ್ರತಿ ವರ್ಷ ಬದಲಾಗುವ ಲೆಕ್ಕ ಇದು. ಆಯಾ ವರ್ಷದ ಕೆಇಎ ಪಟ್ಟಿಯನ್ನೇ ನೋಡಿ.

ನಿಜವಾದ ಖರ್ಚು ಇದಲ್ಲ. ಒಂದು ಉದಾಹರಣೆ ತಗೊಳ್ಳಿ. ಒಬ್ಬರಿಗೆ ತಿಂಗಳಿಗೆ ಒಂದು ಲಕ್ಷ ಸಂಬಳ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಒಟ್ಟು ಐದೂವರೆ ವರ್ಷ. ಇಷ್ಟಕ್ಕೇ ಕೈಬಿಟ್ಟ ಸಂಬಳ 66 ಲಕ್ಷ. ಇನ್‌ಕ್ರಿಮೆಂಟು, ಪಿಎಫ್ ಇದರಲ್ಲಿ ಸೇರಿಲ್ಲ. ತಯಾರಿಗೆ ಅಂತ ಎರಡು ವರ್ಷ ಮೊದಲೇ ಕೆಲಸ ಬಿಟ್ಟರೆ 90 ಲಕ್ಷ. ಇದರ ಎದುರು ಸರ್ಕಾರಿ ಕಾಲೇಜಿನ ಅಷ್ಟೂ ವರ್ಷದ ಫೀಸು ಮೂರ್ನಾಲ್ಕು ಲಕ್ಷ. ಇಂಟರ್ನ್‌ಶಿಪ್‌ನಲ್ಲಿ ಸರ್ಕಾರಿ ಕಾಲೇಜಿನವರಿಗೆ ಸ್ಟೈಪೆಂಡ್ ಬರುತ್ತದೆ, ತಿಂಗಳಿಗೆ ಮೂವತ್ತು ಸಾವಿರದ ಆಸುಪಾಸು. ಅದು ಮನೆ ನಡೆಸಲು ಆಗುವ ದುಡ್ಡಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ತಯಾರಿ ಮಾಡುವಾಗ ಕೆಲಸ ಬಿಡಬೇಡಿ. ಕಷ್ಟ ಹೌದು. ಬೆಳಗ್ಗೆ ಎರಡು ಗಂಟೆ, ರಾತ್ರಿ ಎರಡು ಗಂಟೆ, ಭಾನುವಾರ ಪೂರ್ತಿ ಓದಬೇಕಾಗುತ್ತದೆ. ಆದರೆ ಕೆಲಸದ ಜೊತೆ ಒಂದು ವರ್ಷ ಹೀಗೆ ಓದಲು ಆಗದಿದ್ದರೆ, ಮುಂದೆ ಐದೂವರೆ ವರ್ಷ ಓದಲು ಆಗುತ್ತದಾ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಆ ಬ್ಯಾಂಕ್ ಮೇಡಂ ಹಾಗೇ ಮಾಡಿದರು. ಮೊದಲ ಸಲ ಅರ್ಹತೆ ಬಂತು, ಸೀಟು ಬರಲಿಲ್ಲ. ಕೆಲಸ ಕೈಯಲ್ಲಿತ್ತು, ಮನೆ ನಡೆಯಿತು. ಈಗ ಮತ್ತೆ ಓದುತ್ತಿದ್ದಾರೆ.

"ತೋಟ ಇದೆಯಲ್ಲ ಸರ್, ಅದರ ಮೇಲೆ ನಡೆಯುತ್ತೆ" ಅನ್ನುವವರು ಮಲೆನಾಡಿನಲ್ಲಿ ಜಾಸ್ತಿ. ನಡೆಯಬಹುದು. ಆದರೆ ಅಡಿಕೆ ರೇಟು ಯಾವ ವರ್ಷ ಎಲ್ಲಿರುತ್ತದೆ ಅಂತ ಯಾರು ಹೇಳುತ್ತಾರೆ? ಮಳೆ ಜಾಸ್ತಿಯಾದರೆ ಕೊಳೆ ರೋಗ. ಅದರ ಮೇಲೆ ಈಚಿನ ವರ್ಷಗಳಲ್ಲಿ ಹೊಸನಗರ, ತೀರ್ಥಹಳ್ಳಿ, ಶೃಂಗೇರಿ ಕಡೆ ಎಲೆಚುಕ್ಕೆ ರೋಗ. ಇನ್ನೊಂದು, ಔಷಧಿ ಹೊಡೆಸುವ ಸೀಸನ್‌ನಲ್ಲಿ ತೋಟದಲ್ಲಿ ಯಾರಾದರೂ ನಿಂತು ನೋಡಿಕೊಳ್ಳಬೇಕು. ನೀವು ಆಗ ಅನಾಟಮಿ ಹಾಲ್‌ನಲ್ಲಿ ಇರುತ್ತೀರಿ.

ಚಿಕ್ಕ ವಿಷಯ, ಆದರೆ ಎಲ್ಲರೂ ಮರೆಯುತ್ತಾರೆ: ಕಂಪನಿಯ ಆರೋಗ್ಯ ವಿಮೆ ರಾಜೀನಾಮೆಯ ಜೊತೆ ಹೋಗುತ್ತದೆ. ಅಪ್ಪ ಅಮ್ಮ ಅದರಲ್ಲೇ ಇದ್ದರೆ, ಬಿಡುವ ಮೊದಲೇ ಬೇರೆ ಪಾಲಿಸಿ ಮಾಡಿಸಿ. ಸರ್ಕಾರಿ ನೌಕರರಾಗಿದ್ದರೆ ರಾಜೀನಾಮೆಗೂ ಸ್ವಯಂ ನಿವೃತ್ತಿಗೂ ಬಹಳ ವ್ಯತ್ಯಾಸ ಇದೆ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯ ಲಾಭ ಹೋಗುತ್ತದೆ. ಪತ್ರ ಬರೆಯುವ ಮೊದಲು ನಿಮ್ಮ ಇಲಾಖೆಯ ಲೆಕ್ಕಪತ್ರ ಶಾಖೆಯಲ್ಲಿ ಕೂತು ಮಾತಾಡಿ.

ಒಳಗೆ ಹೋದ ಮೇಲೆ

ಎಂಬಿಬಿಎಸ್ ಅನ್ನು ಸಂಜೆ ಕಾಲೇಜಿನಲ್ಲಿ ಓದಲು ಆಗುವುದಿಲ್ಲ. ಅಂಚೆ ಮೂಲಕ ಇಲ್ಲ, ಆನ್‌ಲೈನ್ ಇಲ್ಲ. ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80 ಹಾಜರಾತಿ ಬೇಕೇ ಬೇಕು. "ಕನ್ಸಲ್ಟಿಂಗ್ ಸೈಡಲ್ಲಿ ಮಾಡ್ಕೊಂಡು ಓದ್ತೀನಿ" ಅನ್ನುವುದು ಮೊದಲ ವರ್ಷ ಮುಗಿಯುವುದರೊಳಗೆ ನಿಲ್ಲುತ್ತದೆ.

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ದೊಡ್ಡವರಿಗೆ ಅತಿ ಕಷ್ಟದ ವರ್ಷ ಇದೇ. ಅನಾಟಮಿಯಲ್ಲಿ ಸಾವಿರಾರು ಹೆಸರು ಬಾಯಿಪಾಠ ಆಗಬೇಕು. ಯಾವ ನರ ಯಾವ ಸ್ನಾಯುವಿನ ಅಡಿಯಿಂದ ಹೊರಡುತ್ತದೆ, ಯಾವ ರಕ್ತನಾಳ ಎಲ್ಲಿ ಕವಲೊಡೆಯುತ್ತದೆ. ಇದರಲ್ಲಿ ತರ್ಕಕ್ಕೆ ಕೆಲಸ ಕಡಿಮೆ. ಹದಿನೆಂಟರ ಹುಡುಗಿ ಎರಡು ಸಲ ಓದಿದ್ದನ್ನು ನೀವು ಆರು ಸಲ ಓದಬೇಕಾಗಬಹುದು. ಈ ವರ್ಷದ ಪರೀಕ್ಷೆಗೆ ನಾಲ್ಕು ಅವಕಾಶ ಮಾತ್ರ. ಇಡೀ ಕೋರ್ಸನ್ನು ಸೇರಿದ ದಿನದಿಂದ ಒಂಬತ್ತು ವರ್ಷದೊಳಗೆ ಮುಗಿಸಬೇಕು ಅಂತ 2023ರ ನಿಯಮ ಹೇಳುತ್ತದೆ. ಎರಡನೇ ವರ್ಷ ಪ್ಯಾಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ. ಆಮೇಲೆ ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳ ವಿಭಾಗ ಎಲ್ಲ.

ವಾರ್ಡಿಗೆ ಇಳಿದ ಮೇಲೆ ತಕ್ಕಡಿ ನಿಮ್ಮ ಕಡೆ ವಾಲುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ವಾರ್ಡಿಗೆ ಸೊರಬ, ಶಿಕಾರಿಪುರ, ಹೊಸನಗರದ ಹಳ್ಳಿಗಳಿಂದ ಜನ ಬರುತ್ತಾರೆ. "ಏನಾಗ್ತಿದೆ ಅಜ್ಜಿ?" ಅಂದರೆ ಅಜ್ಜಿ ಹೊಟ್ಟೆನೋವಿನಿಂದ ಶುರು ಮಾಡಿ ಮಗಳ ಮದುವೆಯ ಸಾಲದವರೆಗೆ ಹೇಳುತ್ತಾಳೆ. ಹದಿನೆಂಟು ಇಪ್ಪತ್ತರ ಮಕ್ಕಳಿಗೆ ಅದರಲ್ಲಿ ಯಾವುದು ಕಾಯಿಲೆಗೆ ಸಂಬಂಧಪಟ್ಟದ್ದು ಅಂತ ಹೆಕ್ಕಲು ಕಷ್ಟ. ಹತ್ತು ವರ್ಷ ಬ್ಯಾಂಕ್ ಕೌಂಟರಿನಲ್ಲಿ ಕೂತವರಿಗೆ, ಮಕ್ಕಳನ್ನು ಸಾಕಿದವರಿಗೆ ಅದು ಬರುತ್ತದೆ. ಈಗಿನ ಪಠ್ಯಕ್ರಮದಲ್ಲಿ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡಿಕೊಳ್ಳುವ ಕಾರ್ಯಕ್ರಮವೂ ಇದೆ. ಅಲ್ಲೂ ವಯಸ್ಸಾದವರಿಗೇ ಮನೆಯ ಬಾಗಿಲು ಬೇಗ ತೆರೆಯುತ್ತದೆ.

ನಲವತ್ತನಾಲ್ಕಕ್ಕೆ ಡಾಕ್ಟರ್, ಆಮೇಲೆ?

ನನ್ನ ಹತ್ತಿರ ಬರುವವರಲ್ಲಿ ಈ ಪ್ರಶ್ನೆಯನ್ನು ತಾವಾಗಿ ಕೇಳುವವರು ಬಹಳ ಕಡಿಮೆ. ನನಗೆ ಮಾತ್ರ ಇದೇ ಮುಖ್ಯ ಪ್ರಶ್ನೆ.

ಮೂವತ್ತೆಂಟಕ್ಕೆ ಸೇರಿದರೆ ನಲವತ್ತನಾಲ್ಕರ ಹೊತ್ತಿಗೆ ಇಂಟರ್ನ್‌ಶಿಪ್ ಮುಗಿಯುತ್ತದೆ. ಸ್ನಾತಕೋತ್ತರ ಪ್ರವೇಶದ ನೀಟ್ ಪಿಜಿಗೂ ಗರಿಷ್ಠ ವಯಸ್ಸಿಲ್ಲ. ಒಂದು ವರ್ಷ ತಯಾರಿ, ಮೂರು ವರ್ಷ ಎಂಡಿ ಅಥವಾ ಎಂಎಸ್. ಅಲ್ಲಿಗೆ ನಲವತ್ತೆಂಟು. ಹೃದಯ, ನರರೋಗ ಅಂತ ಸೂಪರ್ ಸ್ಪೆಷಾಲಿಟಿ ಬೇಕು ಅಂದರೆ ಇನ್ನೂ ಮೂರು ವರ್ಷ, ಅದರ ಪ್ರವೇಶ ಪರೀಕ್ಷೆ ಬೇರೆ. ಐವತ್ತು ದಾಟುತ್ತದೆ. ಅದೂ ಎಲ್ಲ ಮೊದಲ ಸಲಕ್ಕೇ ಆದರೆ. ಪಿಜಿ ಓದುವಾಗ ನೀವು ಆಸ್ಪತ್ರೆಯ ರೆಸಿಡೆಂಟ್ ಡಾಕ್ಟರ್, ಅಂದರೆ ರಾತ್ರಿಯೆಲ್ಲ ಡ್ಯೂಟಿ ಮಾಡಿ ಬೆಳಗ್ಗೆ ಮತ್ತೆ ರೌಂಡ್ಸ್ ಹೋಗುವ ಕೆಲಸ. ಐವತ್ತರ ಮೈ ಅದಕ್ಕೆ ಏನನ್ನುತ್ತದೋ ನೀವೇ ಯೋಚಿಸಿ.

ಖಾಯಂ ಸರ್ಕಾರಿ ನೌಕರಿಯ ಬಾಗಿಲೂ ಹೆಚ್ಚುಕಡಿಮೆ ಮುಚ್ಚಿರುತ್ತದೆ. ನೀಟ್‌ಗೆ ವಯಸ್ಸಿಲ್ಲ, ನೇಮಕಾತಿಗೆ ಇದೆ. ಕೇಂದ್ರದ ವೈದ್ಯಾಧಿಕಾರಿ ಪರೀಕ್ಷೆಗೆ ಸಾಮಾನ್ಯ ವರ್ಗದ ಮಿತಿ 32, ಕೆಲವು ಹುದ್ದೆಗೆ 35. ರಾಜ್ಯದ ನೇಮಕಾತಿಗೂ ಮಿತಿ ಇರುತ್ತದೆ. ಗುತ್ತಿಗೆ ಆಧಾರದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರದ ‘ನಮ್ಮ ಕ್ಲಿನಿಕ್’‌ಗಳಲ್ಲಿ ಕೆಲಸ ಸಿಗಬಹುದು. ಇಲ್ಲದಿದ್ದರೆ ಖಾಸಗಿ ಆಸ್ಪತ್ರೆ, ಅಥವಾ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಮಾಡಿಸಿ, ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಕೆಪಿಎಂಇ ಕಾಯ್ದೆಯಡಿ ಅನುಮತಿ ಪಡೆದು ಸ್ವಂತ ಕ್ಲಿನಿಕ್.

ಹಾಗಾಗಿ ನಾನು ಎಲ್ಲರಿಗೂ ಕೇಳುವುದು ಒಂದೇ. ಬರೀ ಎಂಬಿಬಿಎಸ್ ಡಾಕ್ಟರಾಗಿ ಉಳಿಯಲು ನಿಮಗೆ ಖುಷಿ ಇದೆಯಾ? ಕೋಣಂದೂರಿನಲ್ಲೋ ರಿಪ್ಪನ್‌ಪೇಟೆಯಲ್ಲೋ ಬೋರ್ಡ್ ಹಾಕಿಕೊಂಡು ಜ್ವರ, ಶುಗರ್, ಬಿಪಿ, ಮಂಡಿನೋವು ನೋಡುತ್ತಾ ಹದಿನೈದು ಇಪ್ಪತ್ತು ವರ್ಷ ಕಳೆಯಲು? ಹೌದು ಅಂದರೆ ಈ ಲೆಕ್ಕ ಕೂಡಿಬರುತ್ತದೆ. ನಲವತ್ತನಾಲ್ಕಕ್ಕೆ ಶುರು ಮಾಡಿದರೂ ಅರವತ್ತೈದರವರೆಗೆ ಆರಾಮಾಗಿ ಕೆಲಸ ಮಾಡಬಹುದು. ಡಾಕ್ಟರಿಗೆ ನಿವೃತ್ತಿ ಇಲ್ಲ. ಬೇಕಿದ್ದರೆ ಎಂಬಿಬಿಎಸ್ ಮೇಲೆ ಎರಡು ವರ್ಷದ ಫ್ಯಾಮಿಲಿ ಮೆಡಿಸಿನ್ ಡಿಪ್ಲೊಮಾ ಕೂಡ ಇದೆ. ಇಲ್ಲ, ನನಗೆ ಕಾರ್ಡಿಯಾಲಜಿಸ್ಟೇ ಆಗಬೇಕು ಅಂದರೆ, ದಯವಿಟ್ಟು ಕೆಲಸ ಬಿಡಬೇಡಿ.

ಬರೀ ಎಂಬಿಬಿಎಸ್ ಅಂತ ಮೂಗು ಮುರಿಯುವವರಿಗೆ ನಮ್ಮ ಮಂಗನ ಕಾಯಿಲೆಯ ಕಥೆ ಹೇಳಬೇಕು. ಈ ವೈರಸ್ ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಪ್ರಪಂಚದ ಪುಸ್ತಕಗಳಲ್ಲಿ ಇದಕ್ಕಿರುವುದು ಆ ಊರಿನ ಹೆಸರೇ. ಕಾಡಿನ ಉಣುಗು ಕಚ್ಚಿ ಬರುತ್ತದೆ. ದರಗು (ಒಣ ಎಲೆ) ತರಲು, ದನ ಮೇಯಿಸಲು ಕಾಡಿಗೆ ಹೋದವರಿಗೆ ಚಳಿಗಾಲದಿಂದ ಬೇಸಿಗೆವರೆಗೆ ಅಪಾಯ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜನ ಸತ್ತದ್ದು ಇನ್ನೂ ಯಾರಿಗೂ ಮರೆತಿಲ್ಲ. ಈ ಕಾಯಿಲೆಗೆ ಅಂತ ನಿರ್ದಿಷ್ಟ ಔಷಧಿ ಇಲ್ಲ. ಬೇಗ ಗುರುತಿಸಿ, ನೀರು, ರಕ್ತಸ್ರಾವ ನೋಡಿಕೊಂಡು ಉಳಿಸಬೇಕು. ಬೇಗ ಗುರುತಿಸುವವರು ಯಾರು? ಶಿವಮೊಗ್ಗದ, ಮಣಿಪಾಲದ ತಜ್ಞರ ಹತ್ತಿರ ರೋಗಿ ತಲುಪುವ ಹೊತ್ತಿಗೆ ಎಷ್ಟೋ ದಿನ ಕಳೆದಿರುತ್ತದೆ. ದಿಢೀರ್ ಜ್ವರ, ವಿಪರೀತ ಮೈಕೈನೋವು ಅಂತ ಬಂದವನಿಗೆ "ಕಾಡಿಗೆ ಹೋಗಿದ್ಯಾ? ನಿಮ್ಮ ಕಡೆ ಮಂಗ ಸತ್ತಿದ್ಯಾ?" ಅಂತ ಮೊದಲ ದಿನವೇ ಕೇಳಬೇಕಾದವನು ಊರ ಹತ್ತಿರದ ಎಂಬಿಬಿಎಸ್ ಡಾಕ್ಟರು. ಹಾವು ಕಚ್ಚಿದಾಗಲೂ ಅಷ್ಟೇ, ಅಡಿಕೆ ಕೊನೆ ಇಳಿಸುವ ಕೊನೆಗಾರ ಮರದಿಂದ ಬಿದ್ದಾಗಲೂ ಅಷ್ಟೇ.

ವಿದೇಶದಲ್ಲಿ ಸುಲಭವಾಗಿ ಸೀಟು ಕೊಡಿಸುತ್ತೇವೆ ಅನ್ನುವ ಏಜೆಂಟರ ಬಗ್ಗೆ ಒಂದು ಮಾತು. ಅದಕ್ಕೂ ನೀಟ್‌ನಲ್ಲಿ ಅರ್ಹತೆ ಬೇಕು. 2021ರ ನಿಯಮದ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳಿನದಾಗಿರಬೇಕು, ಅಲ್ಲೇ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು, ವಾಪಸ್ ಬಂದು ವಿದೇಶದಲ್ಲಿ ಓದಿದವರಿಗಿರುವ ಎಫ್‌ಎಂಜಿಇ ಪರೀಕ್ಷೆ ಪಾಸು ಮಾಡಬೇಕು, ಇಲ್ಲೂ ಮತ್ತೆ ಇಂಟರ್ನ್‌ಶಿಪ್. ಆ ಪರೀಕ್ಷೆಯಲ್ಲಿ ಪಾಸಾಗುವವರಿಗಿಂತ ಫೇಲಾಗುವವರೇ ಜಾಸ್ತಿ. ನಲವತ್ತರಲ್ಲಿ ಇಷ್ಟು ಸುತ್ತು ಹೊಡೆಯುವ ದಾರಿಯನ್ನು ನಾನಂತೂ ಹೇಳುವುದಿಲ್ಲ.

ಇನ್ನು ಆಯುರ್ವೇದಕ್ಕೂ ನೀಟ್ ಬೇಕು, ಅದೂ ಐದೂವರೆ ವರ್ಷವೇ. ಆ ಪದ್ಧತಿಯ ಮೇಲೆ ನಿಜವಾದ ಆಸಕ್ತಿ ಇದ್ದರೆ ಹೋಗಿ. ಎಂಬಿಬಿಎಸ್ ಸಿಗಲಿಲ್ಲ ಅಂತ ಹೋಗಬೇಡಿ. ಮಾತಾಡುತ್ತಾ ಹೋದರೆ ಕೆಲವರಿಗೆ ಬೇಕಾಗಿರುವುದು ಡಾಕ್ಟರಾಗುವುದಲ್ಲ, ಈಗಿನ ಕೆಲಸದಿಂದ ಬಿಡುಗಡೆ ಅಂತ ಅವರಿಗೇ ಗೊತ್ತಾಗುತ್ತದೆ. ಅಂಥವರಿಗೆ ಸಾರ್ವಜನಿಕ ಆರೋಗ್ಯದಲ್ಲಿ ಎರಡು ವರ್ಷದ ಮಾಸ್ಟರ್ಸ್ ಇದೆ, ಆಸ್ಪತ್ರೆ ಆಡಳಿತ ಇದೆ. ಅವುಗಳಿಗೆ ಪಿಯುಸಿ ಅಂಕಪಟ್ಟಿ ಹುಡುಕಬೇಕಿಲ್ಲ. ಹಳೇ ಡಿಗ್ರಿಗೆ ಅಲ್ಲಿ ಬೆಲೆ ಇದೆ.

ಇಷ್ಟೆಲ್ಲ ಓದಿದ ಮೇಲೂ ಬರೆದೇ ಬರೆಯುತ್ತೇನೆ ಅನ್ನುವವರಿಗೆ ದಿನಾಂಕದ ವಿಷಯ. ನೀಟ್ ಸಾಮಾನ್ಯವಾಗಿ ಮೇ ಮೊದಲ ಭಾನುವಾರದ ಹೊತ್ತಿಗೆ ನಡೆಯುತ್ತದೆ, ಅರ್ಜಿ ಅದಕ್ಕೆ ಎರಡು ಮೂರು ತಿಂಗಳು ಮೊದಲು. ಮುಕ್ತ ಶಾಲೆಯ ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ. ಬಯಾಲಜಿ ಕಟ್ಟಬೇಕಾದವರು ಅಕ್ಟೋಬರ್ ಪರೀಕ್ಷೆಗೇ ಕಟ್ಟಿ, ಫಲಿತಾಂಶ ಕೈಗೆ ಬಂದ ಮೇಲೆ ನೀಟ್ ಅರ್ಜಿ ಹಾಕಿದರೆ ತಲೆಬಿಸಿ ಇರುವುದಿಲ್ಲ. ಈಗಾಗಲೇ ಪಿಸಿಎಂಬಿ ಆಗಿರುವವರು ಹನ್ನೊಂದನೇ ಕ್ಲಾಸಿನ ಬಯಾಲಜಿ ಪುಸ್ತಕದಿಂದಲೇ ಶುರು ಮಾಡಬಹುದು.